ಎರಡಡಿ ಜಾಗದ ಉಮಾಕಾಂತ

ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಉಮಾಕಾಂತ ಎಂಬ ಹೆಸರಿನ ಮನುಷ್ಯನೊಬ್ಬ ವಾಸವಾಗಿದ್ದಾನೆ ಎಂಬ ಸಂಗತಿ ಒಂಬತ್ತು ವರ್ಷ ಕಳೆದರೂ ಅಲ್ಲಿಯ ಕನ್ನಡಿಗರಿಗೆ ಗೊತ್ತಿರಲಿಲ್ಲ. ಡಾಕ್ಟರ್ ನಾಗವೇಣಿಯವರಿಗೆ ಯಜಮಾನರು ಒಬ್ಬರಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಕನ್ನಡ ಸಂಘದ ಆಮಂತ್ರಣ ‘ಡಾ. ನಾಗವೇಣಿ ಮತ್ತು ಕುಟುಂಬ’ ಎಂದು ಬರುತ್ತಿತ್ತು. ಸಮಾರಂಭಗಳಲ್ಲಿ ಜನ ‘ಮೇಡಂ ಬರ್ಲಿಲ್ವಾ ಸಾರ್?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದರು. ಒಂದು ಯುಗಾದಿಯ ಫೋಟೋದಲ್ಲಿ ಅವನು ಎಡತುದಿಗೆ ನಿಂತಿದ್ದ. ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾದಾಗ ನಾಗವೇಣಿಯ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಮಾತ್ರ ಉಳಿದಿದ್ದವು. ಆ ನಾಲ್ಕು ಬೆರಳು ನಮ್ಮ ಉಮಾಕಾಂತ.

ಅವನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ಮಕ್ಕಳ ಜೀವ ಉಳಿಸುತ್ತಿದ್ದಳು. ಇವನು ಸ್ಯಾಲಿಸ್‌ಬರಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಯಾವ ನಟ್ಟು ಯಾವ ಕಪಾಟಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂಬುದು ಅವನಿಗೂ ಗೊತ್ತಿತ್ತು. ಆದರೆ ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನನ್ನು ತನ್ನ ಹೆಸರಿನಿಂದಲೇ ಗುರುತಿಸಬೇಕೆಂಬ ಆಸೆ ಮಾತ್ರ ಹಲ್ಲುನೋವಿನ ಹಾಗೆ ಒಳಗೇ ಉಳಿದುಬಿಟ್ಟಿತ್ತು.

ಅನಾಹುತಕ್ಕೆ ಬೀಜ ಬಿದ್ದದ್ದು ಪಕ್ಕದ ಮನೆಯ ಗ್ಲೆನ್ ಕರೆದ ಬಾರ್ಬಿಯಲ್ಲಿ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟದಲ್ಲಿ. ಗ್ಲೆನ್ ಎಲೆಕ್ಟ್ರಿಷಿಯನ್. ಮನೆಯಲ್ಲೇ ಬಿಯರ್ ತಯಾರಿಸುವುದು ಅವನ ಹುಚ್ಚು. ಹಿತ್ತಲಿನ ಶೆಡ್ಡಿನ ತುಂಬ ಪಾತ್ರೆ, ಪಂಪು, ಪೈಪು ಹರಡಿಕೊಂಡು, ಪಾಪ, ಅವನ ಹುಲ್ಲು ಕತ್ತರಿಸುವ ಯಂತ್ರ ಮಳೆಯಲ್ಲಿ ನೆನೆಯುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, ಕೊನೆಗೆ ಉಮಾಕಾಂತನತ್ತ ತಿರುಗಿ ಇಂಗ್ಲಿಷಿನಲ್ಲಿ ಸೌಜನ್ಯಕ್ಕೆಂದು ಕೇಳಿದ: “ನೀನೂ ಬ್ರೂ ಮಾಡ್ತೀಯಾ ಮೇಟ್?”

ನಿಜವಾದ ಉತ್ತರ ಏನೆಂದರೆ, ಉಮಾಕಾಂತ ಜೀವಮಾನದಲ್ಲಿ ಕುಡಿದದ್ದು ಲೆಮನೇಡ್ ಬೆರೆಸಿದ ಅರ್ಧ ಗ್ಲಾಸ್ ಬಿಯರ್. ಅದೂ ಹೋದ ವರ್ಷ ಇದೇ ಹಿತ್ತಲಲ್ಲಿ. ಕುಡಿದವನು ಸಾಸೇಜ್ ತಿರುಗಿಸುವ ಇಕ್ಕಳ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಆದರೆ ಈಗ ಅವನ ಬಾಯಿ ಅವನನ್ನು ಕೇಳದೆ ತೆರೆದುಕೊಂಡಿತು.

“ಮಾಡ್ತೀನಿ. ಆದ್ರೆ ಇಷ್ಟೊಂದು ಜಾಗ ಹಾಳು ಮಾಡಲ್ಲ. ನನ್ನದು ನಾನೇ ಡಿಸೈನ್ ಮಾಡಿರೋ ಸ್ಟ್ಯಾಂಡು. ಎರಡಡಿಗೆ ಎರಡಡಿ. ಅಷ್ಟೇ.”

ಇಕ್ಕಳಗಳು ನಿಂತವು. ಆರು ಜನ ಒಟ್ಟಿಗೆ ತಿರುಗಿ ಅವನ ಮುಖ ನೋಡಿದರು. ಭುಜದ ಮೇಲಿಂದ ಹಿಂದಕ್ಕಲ್ಲ, ಮುಖವನ್ನೇ. ಗ್ಲೆನ್ ಅಂತೂ ಟೋಪಿ ತೆಗೆದು ತಲೆ ಕೆರೆದುಕೊಂಡು, “ಎರಡಡಿ! ನಾನು ನೋಡ್ಲೇಬೇಕು” ಎಂದ. ಉಮಾಕಾಂತನಿಗೆ ಆ ಕ್ಷಣ ಎಷ್ಟು ಹಿತವಾಯಿತೆಂದರೆ, ಅಂಥದೊಂದು ಸ್ಟ್ಯಾಂಡ್ ಲೋಕದಲ್ಲಿ ಇಲ್ಲ ಎಂಬ ಸಣ್ಣ ತೊಡಕು ನೆನಪಾದದ್ದು ಮನೆಯ ಗೇಟಿಗೆ ಬಂದ ಮೇಲೆ.

“ರೀ, ನೀವು ಬಿಯರ್ ಮಾಡ್ತೀರಾ?” ಎಂದಳು ನಾಗವೇಣಿ.

“ಮಾಡ್ತೀನಿ ಅಂತಲ್ಲ. ಮಾಡಬಹುದು ಅಂತ.”

“ಎಲ್ಲಿ?”

“ಗ್ಯಾರೇಜಲ್ಲಿ.”

“ಗ್ಯಾರೇಜಲ್ಲಿ ನನ್ನ ಕಾರಿರುತ್ತೆ. ಅದು ಒಂದಿಂಚೂ ಆ ಕಡೆ ಈ ಕಡೆ ಸರಿಯಲ್ಲ. ಗೊತ್ತಾಯ್ತಲ್ಲ?”

ಕಾರಿನ ಕನ್ನಡಿಗೂ ಗೋಡೆಗೂ ನಡುವೆ ಎರಡಡಿ ನಾಲ್ಕು ಇಂಚು ಜಾಗವಿತ್ತು. ಉಮಾಕಾಂತ ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಜಗತ್ತಿನಲ್ಲಿ ಎರಡಡಿಯ ಸಮಸ್ಯೆ ಇರುವ ಗಂಡಸರು ಸಾಕಷ್ಟಿದ್ದರು. ಮೂರು ಸ್ಟೀಲ್ ಕೊಳಗಗಳನ್ನು ಅಕ್ಕಪಕ್ಕ ಇಡುವ ಬದಲು ಒಂದರ ಮೇಲೊಂದು ಏರಿಸಿದರೆ ಆಯಿತು. ಮೇಲಿನದರಲ್ಲಿ ಬಿಸಿನೀರು. ನಡುವಿನದರಲ್ಲಿ ತೂತಿನ ತಟ್ಟೆಯ ಮೇಲೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ನೀರು ಅದರ ಮೂಲಕ ಇಳಿದು ಸಾರವನ್ನೆಲ್ಲ ಹೊತ್ತುಕೊಂಡು ಕೆಳಗಿನ ಕೊಳಗ ಸೇರುತ್ತದೆ. ಪಂಪು ಬೇಡ, ಕರೆಂಟು ಬೇಡ. ಉಮಾಕಾಂತ ಆ ನಕ್ಷೆಯನ್ನು ಇಳಿಸಿಕೊಂಡು, ಕೆಳಗೆ ತನ್ನ ಹೆಸರು ಬರೆದುಕೊಂಡ.

ಅಕ್ಟೋಬರ್ ಮೊದಲ ಶನಿವಾರ ನಾಗವೇಣಿ ನೈಟ್ ಡ್ಯೂಟಿ ಮುಗಿಸಿ ಬಂದು, ಕಾರು ಒಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ ಮಲಗಿದಳು. ಉಮಾಕಾಂತ ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಿಂದ ತಂದ ಕಬ್ಬಿಣದ ಆಂಗಲ್ಲು, ಡ್ರಿಲ್ಲು, ಸ್ಪ್ಯಾನರುಗಳೊಂದಿಗೆ ಬಟ್ಟೆ ಒಗೆಯುವ ಕೋಣೆಯ ಬಾಗಿಲಿನಿಂದ ಗ್ಯಾರೇಜು ಹೊಕ್ಕ. ಅರ್ಧ ಕಟ್ಟಿದ ಸ್ಟ್ಯಾಂಡ್ ಗ್ಲೆನ್ ಕಣ್ಣಿಗೆ ಬೀಳಬಾರದೆಂದು ದೊಡ್ಡ ಬಾಗಿಲು ತೆಗೆಯಲೇ ಇಲ್ಲ. ಉದ್ದ ಅಳೆದ, ಅಗಲ ಅಳೆದ, ಕಾರಿನ ಕನ್ನಡಿಯನ್ನು ನಾಲ್ಕು ಸಲ ಅಳೆದ. ಸ್ಟ್ಯಾಂಡ್ ಬೀಳದಿರಲೆಂದು ಗೋಡೆಗೆ ಬೋಲ್ಟ್ ಹೊಡೆದು, ಅದು ಎಂದೆಂದಿಗೂ ಕದಲದಂತೆ ಒಳಗೆ ಗಟ್ಟಿಯಾಗುವ ಅಂಟು ತುಂಬಿದ. ಸಂಜೆ ಐದಕ್ಕೆ ಮೂರು ಕೊಳಗಗಳೂ ಮೇಲೇರಿ, ಸ್ಟ್ಯಾಂಡ್ ಚಾವಣಿಗೆ ಎರಡು ಗೇಣು ಕೆಳಗೆ ಥಳಥಳ ಹೊಳೆಯುತ್ತ ನಿಂತಿತು.

ಅವನು ಅಳೆಯದೆ ಬಿಟ್ಟದ್ದು ಒಂದೇ. ಆ ಗ್ಯಾರೇಜಿನ ಬಾಗಿಲು ಮೇಲಕ್ಕೇರಿ ಚಾವಣಿಯ ಕೆಳಗೆ ಅಡ್ಡಡ್ಡ ಮಲಗುವ ಜಾತಿಯದು. ಮುಚ್ಚಿದ್ದಾಗ ಅಲ್ಲಿ ಜಾಗವೋ ಜಾಗ.

ಐದೂಕಾಲಿಗೆ ಆಸ್ಪತ್ರೆಯಿಂದ ತುರ್ತು ಕರೆ ಬಂತು. ನಾಗವೇಣಿ ಕೂದಲು ಗಂಟು ಹಾಕಿಕೊಳ್ಳುತ್ತ ಬಂದು ಕಾರಿನಲ್ಲಿ ಕೂತು ರಿಮೋಟ್ ಒತ್ತಿದಳು. ಬಾಗಿಲು ಎರಡು ಮೊಳ ಏರಿತು. ಢಣ್! ಮೇಲಿನ ಕೊಳಗಕ್ಕೆ ಹೊಡೆದು, ಗಾಬರಿಯಾದಂತೆ ಕೆಳಗಿಳಿಯಿತು. ಮತ್ತೆ ಒತ್ತಿದಳು. ಢಣ್!

“ಏನ್ರೀ ಇದು?”

“ಸ್ಟ್ಯಾಂಡು.”

“ಮತ್ತೆ ಬಾಗಿಲು?”

ಉಮಾಕಾಂತ ಸ್ಟ್ಯಾಂಡ್ ನೋಡಿದ, ಬಾಗಿಲು ನೋಡಿದ. “ಈ ಬಾಗಿಲು ಸ್ವಲ್ಪ ಜಾಸ್ತಿ ಜಾಗ ತಗೊಳ್ಳುತ್ತೆ ಕಣೆ.”

ಮೇಲಿನ ಕೊಳಗ ನಾಲ್ಕು ಇಂಚು ಹೆಚ್ಚಾಗಿತ್ತು, ಅದನ್ನು ಇಳಿಸಿದರೂ ಕಬ್ಬಿಣದ ಚೌಕಟ್ಟು ಬಾಗಿಲಿಗೆ ತಾಗುತ್ತಿತ್ತು. ಬೋಲ್ಟುಗಳು ಹೇಳಿದ ಮಾತಿಗೆ ತಪ್ಪದೆ ಕದಲಲಿಲ್ಲ. ಉಮಾಕಾಂತನ ಹಳೆಯ ಕಾರು ಸರ್ವಿಸಿಗೆ ಹೋಗಿತ್ತು. ಕೊನೆಗೆ ಗ್ಲೆನ್ ಸಾಮಾನು ಹೇರುವ ತನ್ನ ಗಾಡಿ, ಯೂಟ್, ತಂದು ಡಾಕ್ಟರನ್ನು ಏಣಿಗಳ ಪಕ್ಕ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ವಾಪಸ್ ಬಂದವನು, “ಕಾರು ಯಾಕೆ ಹೊರಗೆ ಬರ್ಲಿಲ್ಲ ಮೇಟ್?” ಎಂದು ಕೇಳಿದ.

“ತಾಪಮಾನ,” ಎಂದ ಉಮಾಕಾಂತ ಗಂಭೀರವಾಗಿ. “ಬ್ರೂ ಮಾಡೋ ಕೋಣೆ ಬಾಗಿಲು ತೆಗೀಬಾರ್ದು.”

ಗ್ಲೆನ್ ಮತ್ತೊಮ್ಮೆ ಟೋಪಿ ತೆಗೆದ. ‘ಇಂಥ ಶಿಸ್ತು ನನಗೆಲ್ಲಿಂದ ಬರಬೇಕು’ ಎಂಬ ಭಾವ ಅವನ ಮುಖದಲ್ಲಿತ್ತು.

ಮರುದಿನವೇ ಚೌಕಟ್ಟು ಕಿತ್ತುಹಾಕಬೇಕೆಂದು ನಾಗವೇಣಿಯ ಆಜ್ಞೆಯಾಗಿತ್ತು. ಉಮಾಕಾಂತ ಭಾನುವಾರವೆಲ್ಲ ಬೋಲ್ಟುಗಳ ಜೊತೆ ಗುದ್ದಾಡಿ ಎರಡು ಸ್ಪ್ಯಾನರ್ ಮುರಿದ. ಸೋಮವಾರ ಮೈಸೂರಿನಿಂದ ಅತ್ತೆ ಬನಶಂಕರಿಯಮ್ಮ ಬಂದಿಳಿದರು.

ಬನಶಂಕರಿಯಮ್ಮನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಹತ್ತೊಂಬತ್ತು ವರ್ಷದ ಹಿಂದೆ ವಧುಪರೀಕ್ಷೆಯ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹುಡುಗನಿಗೆ ಏನಾದ್ರೂ ಚಟ ಉಂಟೋ?” ಮಧ್ಯಸ್ಥರು, “ಕಾಫಿ ಒಂದೇ ನೋಡಿ” ಎಂದಿದ್ದರು. ಹುಡುಗ ಮೂರು ಲೋಟ ಕುಡಿದು ಅದನ್ನು ಸಾಬೀತು ಮಾಡಿದ್ದ. ಡಾಕ್ಟರ್ ಮಗಳನ್ನು ಸ್ಟೋರ್ಸ್ ಗುಮಾಸ್ತನಿಗೆ ಕೊಟ್ಟದ್ದು ಆ ಮೂರು ಲೋಟದ ಬಲದ ಮೇಲೆ. ಹೀಗಿರುವಾಗ ಗ್ಯಾರೇಜಿನಲ್ಲಿ ಬಿಯರ್ ಸ್ಟ್ಯಾಂಡ್ ಇದೆ ಎಂದು ಅವರಿಗೆ ಹೇಳುವುದು ಹೇಗೆ?

ಅವರು ಬಂದದ್ದೇ ಆರು ಕಿಲೋ ಕಾಫಿಪುಡಿಯೊಂದಿಗೆ. ಏರ್‌ಪೋರ್ಟಿನ ಕೆಫೆಯಲ್ಲಿ ಅಳಿಯ ಕೊಡಿಸಿದ ಕಾಫಿಯನ್ನು ಒಂದು ಗುಟುಕು ಕುಡಿದು, “ಹಾಲು ಕಾಯಿಸಿ ಅದಕ್ಕೆ ಕಾಫಿ ತೋರಿಸಿದ್ದಾರೆ ಅಷ್ಟೆ” ಎಂದು ಕೆಳಗಿಟ್ಟರು. ಮನೆಯ ಫಿಲ್ಟರ್ ನೋಡಿ ಇನ್ನೂ ನಿರಾಸೆಯಾಯಿತು. “ಇದು ಗೊಂಬೆ ಆಟದ್ದಾ ಅಳಿಯಂದಿರೇ? ಎರಡು ಲೋಟ ಇಳಿಯೋದಕ್ಕೆ ಅರ್ಧ ಗಂಟೆ ಕಾಯ್ಬೇಕು!”

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕಲು ಹಗ್ಗ ಹುಡುಕುತ್ತ ಅವರು ಬಟ್ಟೆ ಒಗೆಯುವ ಕೋಣೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದರು. ಉಮಾಕಾಂತ ಹಿಂದಿನಿಂದ ಓಡಿದ. ದಾರಿಯಲ್ಲಿ ಮೂರು ಸುಳ್ಳು ಸಿದ್ಧವಾದವು: ಕಾರ್ಖಾನೆಯ ಸ್ಯಾಂಪಲ್, ನೀರು ಶುದ್ಧ ಮಾಡುವ ಯಂತ್ರ, ಗ್ಲೆನ್ ಬಿಟ್ಟುಹೋದದ್ದು. ಒಂದೂ ಬೇಕಾಗಲಿಲ್ಲ.

“ಅಳಿಯಂದಿರೇ.”

“ಅತ್ತೆ, ಅದು ಏನಂದ್ರೆ...”

“ಮಾತಾಡ್ಬೇಡಿ.” ಬನಶಂಕರಿಯಮ್ಮ ಬೆರಳಿನಿಂದ ಮೇಲಿಂದ ಕೆಳಕ್ಕೆ ತೋರಿಸಿದರು. “ಮೇಲೆ ಬಿಸಿನೀರು. ಮಧ್ಯ ತೂತಿನ ತಟ್ಟೆ, ಅದರ ಮೇಲೆ ಪುಡಿ. ಕೆಳಗೆ ಡಿಕಾಕ್ಷನ್.” ಅವರ ಕಣ್ಣಲ್ಲಿ ನೀರು ತುಂಬಿತು. “ನಾನು ಬರ್ತೀನಿ ಅಂತ ಇಷ್ಟು ದೊಡ್ಡ ಫಿಲ್ಟರ್ ಮಾಡಿಸಿ ಇಟ್ಟಿದ್ದೀರಾ? ಹೇಳ್ಲೂ ಇಲ್ವಲ್ಲ!”

“ಮಾಡಿಸಿದ್ದಲ್ಲ ಅತ್ತೆ...”

“ನೀವೇ ಮಾಡಿದ್ದಾ!”

ಇನ್ನು ಹೇಳುವುದೇನು ಉಳಿಯಿತು? ಉಮಾಕಾಂತ ತಲೆ ತಗ್ಗಿಸಿದ. ಅತ್ತೆಗೆ ಅದು ವಿನಯವಾಗಿ ಕಂಡಿತು. ಅರ್ಧ ಗಂಟೆಯಲ್ಲಿ ಮೇಲಿನ ಕೊಳಗ ಮತ್ತೆ ಏರಿ, ಬಿಯರ್ ಕಾಣಬೇಕಿದ್ದ ಪಾತ್ರೆಗೆ ಚಿಕ್ಕಮಗಳೂರಿನ ಪೀಬರಿ ಇಳಿಯಿತು. ಶುಕ್ರವಾರ ಆಯುಧಪೂಜೆ. ಅತ್ತೆ ಸರ್ವಿಸಿನಿಂದ ಬಂದ ಹಳೆಯದೂ ಸೇರಿ ಎರಡು ಕಾರು, ಮಿಕ್ಸಿ, ನಾಗವೇಣಿಯ ಸ್ಟೆತಸ್ಕೋಪ್ ಎಲ್ಲಕ್ಕೂ ಕುಂಕುಮವಿಟ್ಟು, ಸ್ಟ್ಯಾಂಡಿಗೆ ಹಾರ ಹಾಕಿ, ಮೂರು ನಲ್ಲಿಗಳಿಗೂ ಒಂದೊಂದು ಹೂ ಸಿಕ್ಕಿಸಿ ಕರ್ಪೂರದ ಆರತಿ ಎತ್ತಿದರು. ಉಮಾಕಾಂತ ಗಂಟೆ ಬಾರಿಸಿದ.

“ಅಮ್ಮನಿಗೆ ಹೇಳೋದು ನಿಮ್ಮ ಕೆಲಸ,” ಎಂದಳು ನಾಗವೇಣಿ. “ಅಲ್ಲಿವರೆಗೆ ನಿಮ್ಮ ಕಾರು ನನಗೆ.”

“ನಾಳೆ ಹೇಳ್ತೀನಿ.”

ಆ ನಾಳೆ ಬರಲಿಲ್ಲ. ಉಮಾಕಾಂತ ಎರಡು ಬಸ್ ಬದಲಿಸಿ ಸ್ಯಾಲಿಸ್‌ಬರಿಗೆ ಹೋಗತೊಡಗಿದ. ನಾಗವೇಣಿಯ ಹೊಸ ಕಾರು ಹಣೆಗೆ ಕುಂಕುಮವಿಟ್ಟುಕೊಂಡು ಗ್ಯಾರೇಜಿನಲ್ಲಿ ಸೆರೆಯಾಗಿತ್ತು.

ಇಷ್ಟರಲ್ಲಿ ಬನಶಂಕರಿಯಮ್ಮ ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಮಗನ ಮನೆಗೆ ಬಂದಿದ್ದ ತಂಗಿ ಕಮಲಾಗೆ ವಿಡಿಯೋದಲ್ಲಿ ಸ್ಟ್ಯಾಂಡ್ ತೋರಿಸಿದರು. ಕಮಲಾ ಪರ್ತ್‌ನ ಕನ್ನಡಿಗರಿಗೆ ಹೇಳಿದರು. ಪರ್ತ್‌ನವರು ವಾಟ್ಸ್ಆ್ಯಪ್ಪಿಗೆ ಹಾಕಿದರು. ಸುದ್ದಿ ಮರುಭೂಮಿ ದಾಟಿ ಅಡಿಲೇಡಿಗೆ ವಾಪಸಾಗುವ ಹೊತ್ತಿಗೆ ಅದು ‘ಕರೆಂಟಿಲ್ಲದೆ ಗಂಟೆಗೆ ಇನ್ನೂರು ಲೋಟ ಇಳಿಸುವ ಉಮಾಕಾಂತ್ ಯಂತ್ರ’ ಆಗಿತ್ತು. ಸಂಘದ ಅಧ್ಯಕ್ಷ ವಸಂತಕುಮಾರ್ ಆ ಸಂಜೆಯೇ ಬಂದು ಬೆಲ್ ಒತ್ತಿದರು.

“ಮೇಡಂ ಇದ್ದಾರಾ ಸಾರ್?” ಎಂದು ಅಭ್ಯಾಸಬಲದಿಂದ ಕೇಳಿ, ಕೂಡಲೇ ತಿದ್ದಿಕೊಂಡರು. “ಇಲ್ದಿದ್ರೂ ಪರ್ವಾಗಿಲ್ಲ. ನಾನು ಬಂದಿದ್ದು ನಿಮ್ಮನ್ನ ನೋಡೋದಕ್ಕೆ.”

ಉಮಾಕಾಂತ ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆರೆದ. ಒಂಬತ್ತು ವರ್ಷದಲ್ಲಿ ಆ ಮನೆಯ ಬಾಗಿಲಿಗೆ ಅವನನ್ನು ನೋಡಲು ಬಂದ ಮೊದಲ ಕನ್ನಡಿಗ ಇವರು.

ವಸಂತಕುಮಾರ್ ಸ್ಟ್ಯಾಂಡಿಗೆ ಒಂದು ಸುತ್ತು ಬರಲು ಹೋಗಿ, ಕಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಹಾಗೇ ಹಿಂದೆ ಬಂದರು. “ಸಾರ್, ರಾಜ್ಯೋತ್ಸವಕ್ಕೆ ಇನ್ನೂರೈವತ್ತು ಜನ. ಪ್ರತಿ ವರ್ಷ ಊಟ ಚೆನ್ನಾಗಿರುತ್ತೆ, ಕಾಫಿ ಹೊತ್ತಿಗೆ ಮಾನ ಹೋಗುತ್ತೆ. ಈ ಸಲ ಕಾಫಿ ನಿಮ್ಮದು. ಆಹ್ವಾನ ಪತ್ರಿಕೆಲಿ ಹಾಕಿಸ್ತೀನಿ. ನಿಮ್ಮ ಪೂರ್ತಿ ಹೆಸರು ಹೇಳಿ ಸಾರ್.”

ಹೆಸರು ಕೇಳಿದರು! ಅದು ಬಿಯರ್ ಸ್ಟ್ಯಾಂಡ್ ಎಂದು ಹೇಳಲು ಉಮಾಕಾಂತನಿಗೆ ಸಿಕ್ಕ ಅತ್ಯುತ್ತಮ ಅವಕಾಶ ಅದೇ. ಅವನು ಇನಿಷಿಯಲ್ ಸಮೇತ ಹೆಸರು ಹೇಳಿದ.

ಸ್ಟ್ಯಾಂಡನ್ನು ಸಭಾಂಗಣಕ್ಕೆ ಸಾಗಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಡಿಕಾಕ್ಷನ್ ಗ್ಯಾರೇಜಿನಲ್ಲೇ ಇಳಿಸಿ ಕ್ಯಾನುಗಳಲ್ಲಿ ಒಯ್ಯುವುದೆಂದಾಯಿತು. ಮನೆಯಲ್ಲಿ ತಯಾರಿಸಿ ಸಾರ್ವಜನಿಕರಿಗೆ ಕೊಡುವುದಾದರೆ ಕೌನ್ಸಿಲ್‌ಗೆ, ಅಂದರೆ ಅಲ್ಲಿಯ ನಗರಸಭೆಗೆ, ಅರ್ಜಿ ಹಾಕಬೇಕು. ವಸಂತಕುಮಾರ್ ಹಾಕಿಯೇಬಿಟ್ಟರು. ಸಮಾರಂಭ ಶನಿವಾರ. ಆರೋಗ್ಯಾಧಿಕಾರಿ ಹಿಂದಿನ ದಿನ ಶುಕ್ರವಾರ, ನವೆಂಬರ್ ಒಂದರಂದು ಮಧ್ಯಾಹ್ನ ಬಂದು ಪರಿಶೀಲಿಸುತ್ತಾರೆಂದು ಉತ್ತರ ಬಂತು.

ಇತ್ತ ಗ್ಲೆನ್ ಬೇಲಿಯ ಆಚೆಯಿಂದ ದಿನಕ್ಕೊಮ್ಮೆ ಕೇಳುತ್ತಿದ್ದ: “ಯಾವಾಗ ಯೂಮಾ, ಬ್ರೂ ಯಾವಾಗ?” ಕಬ್ಬಿಣ ಸ್ವಲ್ಪ ಪಳಗಬೇಕು ಎಂದ ಉಮಾಕಾಂತ. ನೀರಿನ ಗುಣ ಸರಿಯಿಲ್ಲ ಎಂದ. ಕೊನೆಗೆ ತಡೆಯಲಾರದೆ, ತಿಂಗಳ ಕೊನೆ ಬಹಳ ದೂರವಿದೆ ಎಂಬ ಧೈರ್ಯದ ಮೇಲೆ, “ನವೆಂಬರ್ ಒಂದು, ಶುಕ್ರವಾರ” ಎಂದುಬಿಟ್ಟಿದ್ದ. ಅದನ್ನು ಅವನು ಮರೆತ. ಗ್ಲೆನ್ ಮರೆಯಲಿಲ್ಲ, ಆ ದಿನ ಅವನಿಗೆ ರಜೆ. ಬೇಲಿಯ ಮೇಲಿಂದ ಬನಶಂಕರಿಯಮ್ಮ ದಿನಕ್ಕೆರಡು ಹುರಿಹಿಟ್ಟಿನ ಉಂಡೆ ಕೊಟ್ಟು ಅವನನ್ನು ಸಂತೈಸುತ್ತಿದ್ದರು. ಉಂಡೆ ಬಹಳ ಸೊಗಸಾಗಿತ್ತು. ಉಮಾಕಾಂತನೂ ಬಸ್ಸಿನಲ್ಲಿ ಮೂರು ತಿನ್ನುತ್ತಿದ್ದ.

ಹೀಗೆ ಆ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಬಾಗಿಲು ತೆರೆಯದ ಒಂದು ಗ್ಯಾರೇಜಿನೊಳಗೆ, ಒಂದು ಕಾರಿನ ಸುತ್ತ, ಕೆಳಕಂಡವರು ಸೇರಿದ್ದರು: ಕೈಯಲ್ಲಿ ಫಾರಂ ಮತ್ತು ಥರ್ಮಾಮೀಟರ್ ಹಿಡಿದ ಕೌನ್ಸಿಲ್‌ನ ಟ್ರೇಸಿ ಮೇಡಂ; ಆಕೆಗೆ ಕರ್ನಾಟಕದ ಕಾಫಿಯ ಇತಿಹಾಸ ಹೇಳುತ್ತಿದ್ದ ವಸಂತಕುಮಾರ್; ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ನಿಂತು ಬಿಸಿನೀರು ಬಿಡುತ್ತಿದ್ದ ಬನಶಂಕರಿಯಮ್ಮ; ಖಾಲಿ ಬಿಯರ್ ಗ್ಲಾಸುಗಳೊಂದಿಗೆ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ತುರುಕಿಕೊಂಡು ನಿಂತ ಗ್ಲೆನ್ ಮತ್ತು ಅವನ ಇಬ್ಬರು ಗೆಳೆಯರು. ಉಮಾಕಾಂತ ಜಾಗ ಸಾಲದೆ ಕಾರಿನ ಬಾನೆಟ್ಟಿಗೆ ಆತು ಬೆವರುತ್ತಿದ್ದ.

ಟ್ರೇಸಿ ನಲ್ಲಿ ನೋಡಿದರು, ಕೊಳಗ ನೋಡಿದರು, ಒಣಗಿದ ಹಾರ ನೋಡಿದರು. “ತುಂಬಾ ಚೊಕ್ಕಟವಾಗಿದೆ,” ಎಂದರು. “ಒಂದು ಪ್ರಶ್ನೆ ಮಾತ್ರ. ಈ ಉಪಕರಣ ಮೂಲತಃ ಯಾವ ಉದ್ದೇಶಕ್ಕೆ ಮಾಡಿದ್ದು? ಯೋಚನೆ ಮಾಡಿ ಹೇಳಿ. ಸುಳ್ಳು ಮಾಹಿತಿ ಕೊಟ್ಟರೆ ದಂಡ ಇದೆ, ಕೆಳಗೆ ನಿಮ್ಮ ಸಹಿ ಬೇಕು.”

ಪೆನ್ನು ಅವನತ್ತ ಚಾಚಿತು. ಸರ್ಕಾರಿ ಫಾರಂ ಎಂದರೆ ಉಮಾಕಾಂತನಿಗೆ ಹುಟ್ಟಾ ಭಯ. ಬಲಕ್ಕೆ ಅತ್ತೆ, ಎಡಕ್ಕೆ ಗ್ಲೆನ್, ಎದುರಿಗೆ ಅಧ್ಯಕ್ಷರು. ಹೆಸರು ಅಚ್ಚಾದ ಆಹ್ವಾನ ಪತ್ರಿಕೆ ಅಧ್ಯಕ್ಷರ ಜೇಬಿನಲ್ಲಿ ಇಣುಕುತ್ತಿತ್ತು. ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದ.

“ಬಿಯರ್,” ಎಂದ.

ಆ ಪದಕ್ಕೆ ಬನಶಂಕರಿಯಮ್ಮನಿಗೆ ಅನುವಾದ ಬೇಕಿರಲಿಲ್ಲ. ಅವರು ಸ್ಟೂಲಿನ ಮೇಲೆ ಎರಡು ಗಳಿಗೆ ಅಳಿಯನನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ಸ್ಟೂಲು ಅಲುಗಾಡಿತು. ವಸಂತಕುಮಾರ್ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರು, ಅಷ್ಟು ನಗು.

“ಬಿಯರ್ ಅಂತೆ! ಇವ್ರು! ಮಜ್ಜಿಗೆ ಹುಳಿಯಾಗಿದ್ರೆ ತಲೆ ಸುತ್ತುತ್ತೆ ಅನ್ನೋರು!” ಎಂದು ಕಣ್ಣೊರೆಸಿಕೊಂಡರು. “ಅಳಿಯಂದಿರಿಗೆ ತಮಾಷೆ ಮಾಡೋಕೆ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು ನೋಡಿ.”

ವಸಂತಕುಮಾರ್ ನಕ್ಕು ನಕ್ಕು ಕೆಮ್ಮಿದರು. “ಏನ್ ಟೈಮಿಂಗ್ ಸಾರ್ ನಿಮ್ದು! ನಾಳೆ ಸ್ಟೇಜಲ್ಲಿ ಇದನ್ನ ಹೇಳ್ಲೇಬೇಕು!”

“ತಮಾಷೆ ಅಲ್ಲ!” ಉಮಾಕಾಂತನ ದನಿ ಕೀರಲಾಯಿತು. ನಿಜ ಹೇಳಲು ನಾಲ್ಕು ವಾರ ಒದ್ದಾಡಿದವನಿಗೆ ಅದನ್ನು ಯಾರೂ ನಂಬದಿದ್ದರೆ ರೇಗದೆ ಇರುತ್ತದೆಯೇ? “ಗ್ಲೆನ್, ನೀನು ಹೇಳು ಇವ್ರಿಗೆ! ಇದು ಬಿಯರ್ ಸ್ಟ್ಯಾಂಡ್ ಅಲ್ವಾ?”

“ನೂರಕ್ಕೆ ನೂರು ಬಿಯರ್!” ಎನ್ನುತ್ತ ಗ್ಲೆನ್ ಜನರ ನಡುವೆ ತೂರಿ ಬಂದು ಕೆಳಗಿನ ನಲ್ಲಿಗೆ ಗ್ಲಾಸ್ ಒಡ್ಡಿದ. ಕಪ್ಪಗೆ, ಮೇಲೆ ಒಂದು ಬೆರಳು ನೊರೆಯೊಂದಿಗೆ ಗ್ಲಾಸ್ ತುಂಬಿತು. ಗ್ಲೆನ್ ಬೆಳಕಿಗೆ ಹಿಡಿದು ಮೆಚ್ಚಿ, ಅರ್ಧ ಗ್ಲಾಸನ್ನು ಒಂದೇ ಉಸಿರಿಗೆ ಇಳಿಸಿದ. ಹಾಲಿಲ್ಲದ, ಸಕ್ಕರೆಯಿಲ್ಲದ ಗಟ್ಟಿ ಡಿಕಾಕ್ಷನ್. ಅವನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಗಾಯಿತು, ಆಮೇಲೆ ಕಣ್ಣುಗಳು ಹಿಂದೆಂದೂ ತೆರೆಯದಷ್ಟು ತೆರೆದವು.

“ಮೇಟ್,” ಎಂದ ಮೆಲ್ಲಗೆ. “ಇದು ಕಾಫಿ.” ಗೆಳೆಯರತ್ತ ತಿರುಗಿ, “ನೋಡಿದ್ರಾ? ನಾಲ್ಕು ವಾರದಿಂದ ನನಗೆ ಬಿಯರ್, ಬಿಯರ್ ಅಂತ ಕಥೆ ಹೇಳಿದ್ದಾನೆ. ಬಾಗಿಲು ಮುಚ್ಚಿಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಡಿಸೈನ್ ಯಾರೂ ಕದೀಬಾರ್ದು ಅಂತ! ಕಿಲಾಡಿ!” ಎಂದು ಉಮಾಕಾಂತನ ಬೆನ್ನಿಗೆ ಗ್ಯಾರೇಜೆಲ್ಲ ಕೇಳುವಂತೆ ಬಾರಿಸಿದ.

ಉಮಾಕಾಂತನಿಗೆ ಕೊನೆಯ ಅಸ್ತ್ರ ನೆನಪಾಯಿತು. “ಬಾರ್ಲಿ! ಐದು ಕಿಲೋ ಬಾರ್ಲಿ ತಂದಿದ್ದೆ, ಬಿಯರ್‌ಗೆ ಅಂತಲೇ! ತಾಳಿ ತೋರಿಸ್ತೀನಿ!” ಎಂದು ಮೂಲೆಯ ಕಪಾಟು ತೆರೆದ. ಚೀಲ ಖಾಲಿಯಾಗಿತ್ತು. ನೀಟಾಗಿ ಮಡಿಚಿ ಇಡಲಾಗಿತ್ತು.

“ಅದಾ?” ಎಂದರು ಅತ್ತೆ ಸ್ಟೂಲಿನಿಂದ ಇಳಿಯುತ್ತ. “ಒಳ್ಳೆ ಮೊಳಕೆ ಕಟ್ಟಿದ ಬಾರ್ಲಿ ಸುಮ್ನೆ ಬಿದ್ದಿತ್ತು. ಹುರಿದು ಹುರಿಹಿಟ್ಟು ಮಾಡ್ದೆ. ಉಂಡೆ ತಿಂದ್ರಲ್ಲ ದಿನಾ!”

ಸಾಕ್ಷಿಯ ಹೆಚ್ಚುಭಾಗ ಉಮಾಕಾಂತನ ಹೊಟ್ಟೆಯಲ್ಲೂ ಉಳಿದದ್ದು ಗ್ಲೆನ್ ಹೊಟ್ಟೆಯಲ್ಲೂ ಜೀರ್ಣವಾಗಿತ್ತು. ಟ್ರೇಸಿ ಮೇಡಂ ಬನಶಂಕರಿಯಮ್ಮ ಕೊಟ್ಟ ಕಾಫಿಯನ್ನು, ಹಾಲು ಸಕ್ಕರೆ ಬೆರೆಸಿದ್ದನ್ನು, ಕುಡಿದರು. ಇನ್ನೊಂದು ಲೋಟ ಕೇಳಿ ಪಡೆದರು. ಆಮೇಲೆ ಫಾರಂನಲ್ಲಿ ‘ಉದ್ದೇಶ: ಕಾಫಿ’ ಎಂದು ತಾವೇ ಬರೆದರು. ಅದರ ಕೆಳಗೆ ಇನ್ನೊಂದು ಸಾಲು: ‘ಅರ್ಜಿದಾರರು ಹಾಸ್ಯಪ್ರಿಯರು.’ ಉಮಾಕಾಂತ ಸಹಿ ಹಾಕಿದ.

“ಸೆಕೆ ಅಪ್ಪಾ,” ಎಂದು ವಸಂತಕುಮಾರ್ ಗೋಡೆಯ ಗುಂಡಿ ಒತ್ತಿದ್ದು ಆಗ. ಬಾಗಿಲು ಎರಡು ಮೊಳ ಏರಿತು. ಢಣ್! ಟ್ರೇಸಿ ಪೆನ್ನು ಮತ್ತೆ ತೆರೆದರು. “ಈ ಬಾಗಿಲು ತೆರೆಯದಿದ್ದರೆ ಅನುಮತಿ ಇಲ್ಲ. ಬೆಂಕಿ ಹತ್ತಿದರೆ ಏನು ಗತಿ?”

ಇನ್ನೂರೈವತ್ತು ಲೋಟ, ಅಚ್ಚಾದ ಹೆಸರು, ಎಲ್ಲವೂ ನಾಲ್ಕು ಇಂಚಿನ ಮೇಲೆ ತೂಗಾಡಿದವು. ಉಮಾಕಾಂತ ಬೋಲ್ಟುಗಳ ಕಥೆ ಹೇಳಿದ. ಮುರಿದ ಸ್ಪ್ಯಾನರ್ ತೋರಿಸಿದ. ಗ್ಲೆನ್ ಬಾಗಿ ನೋಡಿ, “ಬೋಲ್ಟ್ ಕತ್ತರಿಸಿ, ಕಾಲು ನಾಲ್ಕಿಂಚು ಕೊಯ್ದರಾಯ್ತಲ್ಲ ಮೇಟ್?” ಎಂದ.

ಕಾಲು! ನಾಲ್ಕು ವಾರ ಉಮಾಕಾಂತ ಮೇಲೆಯೇ ನೋಡಿದ್ದ. ಕಬ್ಬಿಣಕ್ಕೆ ಕಾಲೂ ಇದೆ ಎಂಬುದು ಹೊಳೆದಿರಲಿಲ್ಲ. ಗ್ಲೆನ್ ಗ್ರೈಂಡರ್ ತಂದ. ಕಿಡಿ ಹಾರಿತು, ಬನಶಂಕರಿಯಮ್ಮ ಕಾಫಿಪುಡಿಗೆ ಸೆರಗು ಅಡ್ಡ ಹಿಡಿದರು, ಹನ್ನೊಂದು ನಿಮಿಷದಲ್ಲಿ ಸ್ಟ್ಯಾಂಡ್ ಕುಳ್ಳಗಾಗಿ ನಿಂತಿತು. ವಸಂತಕುಮಾರ್ ಗುಂಡಿ ಒತ್ತಿದರು. ಬಾಗಿಲು ಸರ್ರನೆ ಮೇಲೇರಿ ಮಲಗಿತು. ಬಿಸಿಲು ಒಳಗೆ ನುಗ್ಗಿತು. ಡ್ಯೂಟಿ ಮುಗಿಸಿ ಗಂಡನ ಹಳೆಯ ಕಾರಿನಲ್ಲಿ ಆಗ ತಾನೇ ಬಂದ ನಾಗವೇಣಿ, ತನ್ನ ಕಾರಿನ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದ ಏಳು ಜನರನ್ನು ನೋಡಿ, ಏನನ್ನೂ ಕೇಳದಿರುವುದೇ ಲೇಸೆಂದು ಒಳಗೆ ಹೋದಳು.

ಮರುದಿನ ಸಂಜೆ ಸಭಾಂಗಣದಲ್ಲಿ ಊಟಕ್ಕಿಂತ ಕಾಫಿಯ ಸಾಲು ಉದ್ದವಾಗಿತ್ತು. ಉಮಾಕಾಂತ ಹಳದಿ-ಕೆಂಪು ಶಾಲು ಹೊದ್ದು ಕ್ಯಾನಿನ ಹಿಂದೆ ನಿಂತಿದ್ದ. ಅತ್ತೆ ಹಾಲು ಹಾಕುತ್ತಿದ್ದರು. ಬಾಗಿಲ ಬಳಿ ಪಟ್ಟಿ ಹಿಡಿದು ಕೂತಿದ್ದವಳು ಗಾನವಿ, ಓದಲೆಂದು ಮೂರು ತಿಂಗಳ ಹಿಂದೆ ಬಂದವಳು, ಹಳಬರ ಪರಿಚಯವಿಲ್ಲ. ಅವಳ ಮಾತೆಲ್ಲ ಕಾಫಿಯ ಮೇಜಿಗೆ ಕೇಳುತ್ತಿತ್ತು. ನಾಗವೇಣಿ ಆಸ್ಪತ್ರೆಯಿಂದ ನೇರವಾಗಿ ತಡವಾಗಿ ಬಂದಳು.

“ಹೆಸರು ಆಂಟಿ?”

“ಡಾಕ್ಟರ್ ನಾಗವೇಣಿ.”

ಗಾನವಿ ಪಟ್ಟಿಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಾಡಿಸಿದಳು. “ಇಲ್ವಲ್ಲ ಆಂಟಿ. ಬೇರೆ ಯಾರ ಹೆಸರಲ್ಲಾದ್ರೂ ಇದ್ಯಾ?” ಮತ್ತೆ ಹುಡುಕಿ, ‘ಉಮಾಕಾಂತ ಮತ್ತು ಕುಟುಂಬ’ ಎಂಬಲ್ಲಿ ನಿಂತಳು. “ಅಯ್ಯೋ! ನೀವು ಕಾಫಿ ಉಮಾಕಾಂತ್ ಅಂಕಲ್ ಮಿಸೆಸ್ಸಾ? ಮೊದ್ಲೇ ಹೇಳ್ಬಾರ್ದಾ ಆಂಟಿ! ಹೋಗಿ, ಹೋಗಿ!”

ಉಮಾಕಾಂತನ ಕೈಯಲ್ಲಿದ್ದ ಲೋಟ ತುಂಬಿ ಹರಿದು ವಸಂತಕುಮಾರರ ಪಂಚೆಯ ಮೇಲೆ ಬಿತ್ತು. ಅವನಿಗೆ ಹಿಗ್ಗಾಯಿತು. ಹೆಂಡತಿ ಏನೆಂದುಕೊಳ್ಳುವಳೋ ಎಂದು ಹೆದರಿಕೆಯೂ ಆಯಿತು. ನಾಗವೇಣಿ ಕಾಫಿಯ ಮೇಜಿನತ್ತ ನೋಡಿದಳು. ಆಮೇಲೆ, “ಹೌದಮ್ಮ, ಅವರ ಮಿಸೆಸ್ಸೇ” ಎಂದು ಹೇಳಿ, ಸಾಲಿನ ಕೊನೆಗೆ ಹೋಗಿ, ಕಾಫಿಗೆಂದೇ ಬಂದಿದ್ದ ಗ್ಲೆನ್‌ನ ಹಿಂದೆ ನಿಂತುಕೊಂಡಳು.

ಇಪ್ಪತ್ತು ನಿಮಿಷದ ಮೇಲೆ ಅವಳ ಸರದಿ ಬಂತು. ಉಮಾಕಾಂತ ಲೋಟ ತುಂಬಿಸಿ ಕೊಟ್ಟ. ಅವಳು ನಿಂತಲ್ಲೇ ಅರ್ಧ ಕುಡಿದಳು. ಅವನನ್ನು ನೋಡಿದಳು.

“ರೀ, ಆ ಸ್ಟ್ಯಾಂಡು ಗ್ಯಾರೇಜಲ್ಲೇ ಇರ್ಲಿ,” ಎಂದಳು. “ಕಾರು ಹೊರಗೆ ನಿಲ್ಲಿಸ್ತೀನಿ. ಎರಡಡಿ ನಿಮಗೆಲ್ಲಿ ಸಾಕಾಗುತ್ತೆ?”